ಊರನ್ನು ಬಿಟ್ಟವರು ಮೂಲೆಯನ್ನು ಬಿಡಲಾರರೇ?

ತಾಯ್ತಂದೆಗಳನ್ನು ಅಗಲಿ, ತುಂಗಭದ್ರೆ ಕೃಷ್ಣೆಗಳನ್ನು ದಾಟಿ, ಗುರುತು ಪರಿಚಯವಿಲ್ಲದ ಈ ಮಹಾನಗರಕ್ಕೆ ಬಂದು ಹೊಟ್ಟೆ ಹೊರೆದುಕೊಂಡವರಿಗೆ ಧೈರ್ಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಒಂದು ವಿಚಿತ್ರವನ್ನು ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಅಷ್ಟು ದೂರ ನಡೆದು ಬಂದವನು ಹೈದರಾಬಾದಿನ ಹೋಟೆಲೊಂದನ್ನು ಸೇರಿದೊಡನೆ ಅಲ್ಲಿಯೇ ಇನ್ನೊಂದು ಹಳ್ಳಿಯನ್ನು ಕಟ್ಟಿಕೊಳ್ಳುತ್ತಾನೆ. ಮಾತನಾಡಲು ಊರವರೇ, ಉಣ್ಣಲು ಊರಿನ ಸಾರೇ, ಮಲಗಲು ಮಾಳಿಗೆಯ ಮೇಲಿನ ಕೋಣೆಯೇ. ಹತ್ತು ವರ್ಷ ಕಳೆದರೂ ತರಕಾರಿಯವನೊಡನೆ ತೆಲುಗಿನಲ್ಲಿ ನಾಲ್ಕು ಮಾತು ಆಡಲು ಬಾರದು. ಗುಮಾಸ್ತ ಬಂಧುಗಳ ಪಾಡೂ ಹೆಚ್ಚು ಬೇರೆಯಲ್ಲ. ಸೇರಿದ ದಿನ ಸಿಕ್ಕಿದ ಮೇಜನ್ನೇ ನಿವೃತ್ತಿಯ ದಿನ ಬಿಟ್ಟು ಏಳುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಈ ವಿಷಯದಲ್ಲಿ ನಾವು ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಆರು ವರ್ಷ ದುಡಿದ ಮಾಣಿಯೊಬ್ಬ ಒಂದು ದಿನ ಗಲ್ಲಾಪೆಟ್ಟಿಗೆಯ ಬಳಿ ಬಂದು ನಿಂತು, “ಧಣಿಗಳೇ, ಸಾಯಂಕಾಲ ಎರಡು ಗಂಟೆ ಬಿಟ್ಟುಕೊಟ್ಟರೆ ಲೆಕ್ಕಪತ್ರವನ್ನೂ ತೆಲುಗನ್ನೂ ಕಲಿತುಕೊಳ್ಳುತ್ತೇನೆ” ಎಂದ. “ನಿನಗೇಕೋ ಅದೆಲ್ಲ? ಇಲ್ಲಿ ನಿನಗೆ ಏನು ಕಡಿಮೆಯಾಗಿದೆ?” ಎಂದೆವು. ನಿಜ ಹೇಳುವುದಾದರೆ, ಸಾಯಂಕಾಲದ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅಂತಹ ಚುರುಕಿನ ಹುಡುಗನನ್ನು ಬಿಡಲು ನಮಗೆ ಮನಸ್ಸಿರಲಿಲ್ಲ. ಆತ ಮರುಮಾತಾಡದೆ ತಟ್ಟೆ ಎತ್ತಲು ಹೋದ. ವರ್ಷ ತುಂಬುವುದರೊಳಗೆ ನಮ್ಮನ್ನೂ ಬಿಟ್ಟು ಹೋದ. ಇಂದು ಆತ ಇದೇ ನಗರದ ಬೇರೊಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತು, ದಿನಸಿ ವರ್ತಕರೊಡನೆ ತೆಲುಗಿನಲ್ಲಿಯೇ ಚೌಕಾಸಿ ಮಾಡುತ್ತಾನೆ. ಎದುರಾದಾಗಲೆಲ್ಲ ಅದೇ ವಿನಯದಿಂದ ನಮಸ್ಕರಿಸುತ್ತಾನೆ. ನಾಚಿಕೆಯಾಗುವುದು ನಮಗೆ.

ಬಲ್ಲ ಕೆಲಸದಿಂದ ಅರಿಯದ ಕೆಲಸಕ್ಕೆ ಕಾಲಿಟ್ಟವರಲ್ಲಿ ಹೋಟೆಲು ಲೋಕಕ್ಕೆ ಮೊದಲು ನೆನಪಾಗುವವರು ಕಡಂದಲೆಯ ಕೃಷ್ಣರಾಯರು. ತುಳುನಾಡಿನಿಂದ ಮದರಾಸಿಗೆ ಹೋಗಿ ಅಡಿಗೆಮನೆಯ ಕೆಲಸದಿಂದ ಆರಂಭಿಸಿದ ಅವರು ಉಪಾಹಾರ ಗೃಹದ ಒಡೆಯರಾದರು. ಅಷ್ಟಕ್ಕೆ ತೃಪ್ತರಾಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ 1938ರಲ್ಲಿ ರಾಯಪೇಟೆಯ ವಿಶಾಲ ಬಂಗಲೆಯೊಂದನ್ನು ಗೇಣಿಗೆ ಹಿಡಿದು, ಇಡ್ಲಿ ದೋಸೆಯ ವ್ಯಾಪಾರಕ್ಕಿಂತ ತೀರ ಬೇರೆಯಾದ ವಸತಿಗೃಹದ ವ್ಯವಹಾರಕ್ಕೆ ಕೈಹಾಕಿದರು. ಅದೇ ವುಡ್‌ಲ್ಯಾಂಡ್ಸ್. 1962ರಲ್ಲಿ ಅದೇ ನಗರದಲ್ಲಿ, ಗಿರಾಕಿಗಳು ಕಾರಿನಲ್ಲಿ ಕುಳಿತೇ ತಿಂಡಿ ತಿನ್ನಬಹುದಾದ ಡ್ರೈವ್-ಇನ್ ಹೋಟೆಲನ್ನು ತೆರೆದರು. 2008ರಲ್ಲಿ ಮುಚ್ಚುವವರೆಗೂ ಅದು ಮದರಾಸಿಗರ ಅಚ್ಚುಮೆಚ್ಚಿನ ತಾಣವಾಗಿತ್ತು.

ಎಲ್ಲರೂ ಕೃಷ್ಣರಾಯರಾಗಲು ಸಾಧ್ಯವೇ ಎಂದು ವಾಚಕರು ಕೇಳಬಹುದು. ಅದಕ್ಕೆ ಮುಂಬಯಿಯ ನಮ್ಮ ಸಹೋದರರೇ ಉತ್ತರ. ಅಲ್ಲಿ 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯವರೂ ಬಿಲ್ಲವ ಸಂಘದವರೂ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲೆಲ್ಲ ಲೋಟ ತೊಳೆದವರು ರಾತ್ರಿ ಪುಸ್ತಕ ಹಿಡಿದು ಕುಳಿತರು. ತೂಕಡಿಸುತ್ತ ಓದಿದವರಲ್ಲಿ ಎಷ್ಟೋ ಮಂದಿ ಗುಮಾಸ್ತರಾದರು, ವಕೀಲರಾದರು, ಅಧ್ಯಾಪಕರಾದರು. ಅವರು ಮಾಡಿದುದು ದೊಡ್ಡ ಸಾಹಸವೇನೂ ಅಲ್ಲ; ನಿದ್ರೆಯಲ್ಲಿ ಎರಡು ಗಂಟೆಯನ್ನು ಕಳೆದುಕೊಂಡರು, ಅಷ್ಟೆ.

ಇದ್ದಲ್ಲಿಯೇ ಇದ್ದರೆ ಕ್ಷೇಮವೆಂಬ ನಂಬಿಕೆಯೂ ಎಷ್ಟು ಸರಿಯೆಂಬುದನ್ನು ಈ ನಗರದ ಚರಿತ್ರೆಯೇ ಹೇಳುತ್ತದೆ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಕಚೇರಿಗಳಲ್ಲಿ ಉರ್ದುವಿನದೇ ರಾಜ್ಯಭಾರ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಉರ್ದುವಿನಲ್ಲಿಯೇ ಬೋಧಿಸುತ್ತಿತ್ತು. ಕಲಬುರಗಿ, ರಾಯಚೂರು, ಬೀದರುಗಳ ಕನ್ನಡಿಗರು ಉರ್ದು ಕಲಿತೇ ಸರಕಾರಿ ಕೆಲಸ ಹಿಡಿಯಬೇಕಾಗಿತ್ತು. ಸಂಸ್ಥಾನ ವಿಲೀನವಾದ ಮೇಲೆ ಇಂಗ್ಲಿಷು ಮುಂದೆ ಬಂತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. 1966ರ ಶಾಸನದಿಂದ ಇಲ್ಲಿ ತೆಲುಗು ಆಡಳಿತ ಭಾಷೆಯಾಯಿತು. ಹೀಗೆ ಗುಮಾಸ್ತನೊಬ್ಬನ ಸೇವಾವಧಿಯೊಳಗೇ ಮೇಜಿನ ಮೇಲೆ ಮೂರು ಭಾಷೆಗಳು ಬಂದವು. ಆತ ಕದಲದಿದ್ದರೂ ಕುರ್ಚಿಯ ಕೆಳಗಿನ ನೆಲ ಕದಲಿತು.

ಹೋಟೆಲಿನಲ್ಲಿ ಈಗ ಆಗುತ್ತಿರುವುದೂ ಇದೇ. ರುಬ್ಬುವ ಕಲ್ಲಿನ ಮುಂದೆ ತೋಳು ಸವೆಸಿದವನ ಕೆಲಸವನ್ನು ಯಂತ್ರ ಕಸಿದುಕೊಂಡಿತು. 2006ರ ಆಹಾರ ಸುರಕ್ಷತಾ ಶಾಸನದ ಪರವಾನಗಿ, 2017ರ ಜುಲೈ 1ರಿಂದ ಬಂದ ಜಿಎಸ್‌ಟಿಯ ಲೆಕ್ಕ, ಸ್ವಿಗ್ಗಿ ಜೊಮ್ಯಾಟೊಗಳ ಮೂಲಕ ಬರುವ ಬೇಡಿಕೆ, ಇವನ್ನೆಲ್ಲ ಅರಿತವನು ಪ್ರತಿಯೊಂದು ಹೋಟೆಲಿಗೂ ಬೇಕಾಗಿದ್ದಾನೆ. ಆತ ಅಡಿಗೆಮನೆಯ ಒಳಗನ್ನೂ ಬಲ್ಲವನಾದರೆ ಅವನಿಗೆ ಸರಿಸಾಟಿ ಯಾರು? ಓದು ನಿಂತುಹೋದವರಿಗೂ ದಾರಿಯಿದೆ. 1982ರಲ್ಲಿ ಆರಂಭವಾದ, ನಮ್ಮ ದೇಶದ ಮೊತ್ತಮೊದಲ ಮುಕ್ತ ವಿಶ್ವವಿದ್ಯಾನಿಲಯ ಇರುವುದು ಈ ಹೈದರಾಬಾದಿನಲ್ಲಿಯೇ. ಇಂದು ಅದಕ್ಕೆ ಡಾ. ಬಿ. ಆರ್. ಅಂಬೇಡ್ಕರರ ಹೆಸರಿದೆ. ದುಡಿಯುತ್ತಲೇ ಓದುವವರಿಗಾಗಿಯೇ ಅದು ಇರುವುದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಇದನ್ನೋದಿ ನಾಳೆಯೇ ಕೆಲಸ ಬಿಟ್ಟು, ಬಡ್ಡಿಗೆ ಹಣ ತಂದು ಸ್ವಂತ ಹೋಟೆಲು ತೆರೆಯಿರೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಸಾಂಬಾರು ಮಾಡಬಲ್ಲವರೇ ಬಾಡಿಗೆಯ ಲೆಕ್ಕ ತಿಳಿಯದೆ ಮುಳುಗಿದುದನ್ನು ನಾವು ಕಂಡಿದ್ದೇವೆ. ಒಂದು ಕಾಲು ನೆಲದ ಮೇಲೆ ಭದ್ರವಾಗಿರುವಾಗಲೇ ಇನ್ನೊಂದನ್ನು ಎತ್ತಿಡಬೇಕು. ಇರುವ ಕೆಲಸದಲ್ಲಿದ್ದುಕೊಂಡೇ, ಈ ವರ್ಷ ಒಂದು ಭಾಷೆ ಅಥವಾ ಒಂದು ವಿದ್ಯೆಯನ್ನು ಕಲಿತರೆ ಸಾಕು. ಮೊದಮೊದಲು ತಪ್ಪಾದೀತು, ನಾಲ್ವರು ನಕ್ಕಾರು. ಎಸ್ಸೆಸ್ಸೆಲ್ಸಿಯಷ್ಟೇ ಓದಿದ ನಾವು ಗಲ್ಲೆಯಿಂದೆದ್ದು ಸಂಪಾದಕರ ಮೇಜಿಗೆ ಬಂದಾಗ ಅಚ್ಚುಕೂಟದವರೂ ನಕ್ಕಿದ್ದರು. ನಕ್ಕವರಿಂದಲೇ ಕರಡು ತಿದ್ದುವುದನ್ನು ಕಲಿತೆವು.

ಕೊನೆಯದಾಗಿ ನಮ್ಮ ಹೋಟೆಲು ಮಾಲಿಕ ಮಿತ್ರರಲ್ಲಿ ಒಂದು ಪ್ರಾರ್ಥನೆ. ನಿಮ್ಮ ಹುಡುಗನೊಬ್ಬ ಬಂದು ಎರಡು ಗಂಟೆಯ ಬಿಡುವು ಕೇಳಿದರೆ, ನಾವು ಆಡಿದ ಮಾತನ್ನು ನೀವು ಆಡಬೇಡಿ. ಕಲಿತು ಆತ ಹೋಗಿಬಿಟ್ಟಾನೆಂದು ಅಂಜಬೇಡಿ. ಕಲಿಯಗೊಡದೆ ಇದ್ದ ನಮ್ಮಲ್ಲಿಯೂ ಆತ ನಿಲ್ಲಲಿಲ್ಲ.