ಬೆತ್ತಕ್ಕೆ ಪೋಣಿಸಿದ ಕೈಗಳು

ಹದಿನೇಳನೆಯ ಶತಮಾನದಲ್ಲಿ ಬಂಗಾಳದ ಕರಾವಳಿಗೆ ದೋಣಿ ಹತ್ತಿ ಬರುತ್ತಿದ್ದ ಕಡಲ್ಗಳ್ಳರು ಬಂಗಾರಕ್ಕಿಂತ ಹೆಚ್ಚಾಗಿ ಹುಡುಕುತ್ತಿದ್ದುದು ಮನುಷ್ಯರನ್ನು. ಗಂಗೆ, ಮೇಘನಾ ನದಿಗಳು ನೂರಾರು ಕವಲಾಗಿ ಸಮುದ್ರ ಸೇರುವ ಆ ನಾಡಿನಲ್ಲಿ ಪ್ರತಿ ಹಳ್ಳಿಗೂ ಒಂದು ಹೊಳೆ ಇತ್ತು. ದಾಳಿಕಾರರಿಗೆ ಅದೇ ಹೆದ್ದಾರಿ. ಹುಟ್ಟು ಹಾಕಿ ನಡೆಸುವ ಹಗುರವಾದ, ವೇಗದ ದೋಣಿಗಳಲ್ಲಿ ಒಳನಾಡಿನವರೆಗೂ ನುಗ್ಗಿ, ಸಂತೆ, ಮದುವೆಮನೆ ಎನ್ನದೆ ಸಿಕ್ಕವರನ್ನು ಹಿಡಿದೊಯ್ಯುತ್ತಿದ್ದರು.

ದಾಳಿಕಾರರಲ್ಲಿ ಎರಡು ಗುಂಪು. ಈಗಿನ ಮ್ಯಾನ್ಮಾರಿನ ರಖೈನ್ ಪ್ರಾಂತ, ಅಂದಿನ ಅರಕಾನ್ ರಾಜ್ಯದವರು ಮಘರು. ಅರಕಾನ್ ದೊರೆಯ ಆಶ್ರಯದಲ್ಲಿ ಚಿತ್ತಗಾಂಗ್ ಸುತ್ತ ನೆಲೆಸಿದ್ದ ಪೋರ್ಚುಗೀಸರು ಮತ್ತು ಅವರ ಮಿಶ್ರ ಸಂತಾನದವರು ಫಿರಂಗಿಗಳು. ಕನ್ನಡದಲ್ಲಿ ತೋಪಿಗೆ ಹೇಳುವ ಫಿರಂಗಿ, ಹಣ್ಣಿಗೆ ಹೇಳುವ ಪರಂಗಿ ಎರಡೂ ಇದೇ ಮಾತಿನ ಬಳಗ. ಈ ಫಿರಂಗಿಗಳು ಗೋವಾದ ಪೋರ್ಚುಗೀಸ್ ಸರ್ಕಾರದ ಹಿಡಿತದಲ್ಲಿರಲಿಲ್ಲ.

ಸೆರೆಯಾದವರ ಪಾಡನ್ನು ಮೊಗಲ್ ಅಧಿಕಾರಿ ಷಿಹಾಬುದ್ದೀನ್ ತಾಲಿಷ್ ಪಾರಸಿಯಲ್ಲಿ ಬರೆದಿಟ್ಟಿದ್ದಾನೆ. ಅಂಗೈಗೆ ತೂತು ಕೊರೆದು, ಸಣ್ಣ ಬೆತ್ತ ತೂರಿಸಿ, ಒಬ್ಬರ ಮೇಲೊಬ್ಬರನ್ನು ದೋಣಿಯ ಒಳತಳಕ್ಕೆ ತಳ್ಳುತ್ತಿದ್ದರು. ಬೆಳಗ್ಗೆ ಕೋಳಿಗೆ ಕಾಳು ಚೆಲ್ಲುವಂತೆ ಮೇಲಿಂದ ಬೇಯಿಸದ ಅಕ್ಕಿ ಎರಚುತ್ತಿದ್ದರು. ಬದುಕುಳಿದವರನ್ನು ಮಘರು ಹೊಲಗೆಲಸಕ್ಕೂ ಮನೆಗೆಲಸಕ್ಕೂ ಹಚ್ಚುತ್ತಿದ್ದರು, ಫಿರಂಗಿಗಳು ಮಾರುತ್ತಿದ್ದರು. ಬಂದರುಗಳಾದ ತಮ್ಲುಕ್, ಬಾಲಸೋರ್‌ಗಳಲ್ಲಿ ಈ ವ್ಯಾಪಾರದ ರೀತಿಯೇ ವಿಚಿತ್ರ. ದೋಣಿಗಳು ದೂರದಲ್ಲೇ ಲಂಗರು ಹಾಕಿ ದಡಕ್ಕೆ ಒಬ್ಬನನ್ನು ಕಳಿಸುತ್ತಿದ್ದವು. ಎಲ್ಲಿ ತಮ್ಮ ಊರನ್ನೇ ದೋಚುತ್ತಾರೋ ಎಂದು ಊರ ಅಧಿಕಾರಿ ಆಳುಗಳೊಂದಿಗೆ ದಡದಲ್ಲೇ ನಿಂತು, ಒಬ್ಬನ ಕೈಯಲ್ಲಿ ಹಣ ಕಳಿಸಿ, ಬೆಲೆ ಕುದುರಿದರೆ ಸೆರೆಯಾಳುಗಳನ್ನು ತರಿಸಿಕೊಳ್ಳುತ್ತಿದ್ದ. ಕಳ್ಳರಿಗೆ ಹೆದರಿದವರೇ ಕಳ್ಳಮಾಲಿನ ಗಿರಾಕಿಗಳು.

ದೊಡ್ಡ ಗಿರಾಕಿಗಳು ಬೇರೆಯೇ ಇದ್ದರು. ಜಾವಾದಲ್ಲಿ ಬಟಾವಿಯಾ ಪಟ್ಟಣ ಕಟ್ಟುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ದುಡಿಯುವ ಕೈಗಳು ಬೇಕಿದ್ದವು. 1626ರಿಂದ 1662ರವರೆಗೆ ಅರಕಾನ್-ಬಂಗಾಳ ತೀರದಿಂದ ಕಂಪನಿ ಹೆಚ್ಚುಕಡಿಮೆ ವರ್ಷಕ್ಕೆ 150ರಿಂದ 400 ಗುಲಾಮರನ್ನು ಸಾಗಿಸಿತು. ಅರಕಾನಿನಲ್ಲೂ ಉಳುವವರಿಗೆ ಬರವಿತ್ತು. ದಾಳಿಗಳು ದಶಕಗಟ್ಟಲೆ ನಿಲ್ಲದಿರಲು ಕಡಲ್ಗಳ್ಳರ ಕ್ರೌರ್ಯಕ್ಕಿಂತ ಈ ಬೇಡಿಕೆಯೇ ಮುಖ್ಯ ಕಾರಣ.

ಹೀಗೆ ಅರಕಾನ್ ಸೇರಿದವರಲ್ಲಿ ಕವಿ ಅಲಾವೋಲನೂ ಒಬ್ಬ. ತಂದೆಯೊಂದಿಗೆ ನದಿಯಲ್ಲಿ ಪ್ರಯಾಣಿಸುವಾಗ ಹರ್ಮಾದರು, ಅಂದರೆ ಫಿರಂಗಿ ಕಡಲ್ಗಳ್ಳರು, ಎರಗಿದರು. ನೌಕಾಪಡೆ ಎಂಬರ್ಥದ ಪೋರ್ಚುಗೀಸ್ 'ಅರ್ಮಾಡಾ' ಬಂಗಾಳಿಗರ ಬಾಯಲ್ಲಿ ಹಾಗಾಗಿತ್ತು. ತಂದೆ ಸತ್ತ, ಮಗ ಅರಕಾನಿನಲ್ಲಿ ಕುದುರೆ ಸವಾರನಾಗಿ, ಆಮೇಲೆ ಆಸ್ಥಾನದ ಆಶ್ರಯ ಪಡೆದು, ಉತ್ತರ ಭಾರತದ ಕವಿ ಜಾಯಸಿಯ ಕಾವ್ಯವನ್ನು ಆಧರಿಸಿ ಬಂಗಾಳಿಯಲ್ಲಿ 'ಪದ್ಮಾವತಿ' ಬರೆದ. ಸೆರೆಯಾದ ಬಹುಪಾಲು ಜನರ ಹೆಸರು ಎಲ್ಲೂ ಉಳಿದಿಲ್ಲ.

ಬಂಗಾಳವನ್ನು ಆಳುತ್ತಿದ್ದ ಮೊಗಲರು ನೆಲದ ಮೇಲೆ ಗಟ್ಟಿಗರು, ನೀರಿನಲ್ಲಿ ಅಷ್ಟಕ್ಕಷ್ಟೆ. 1664ರಲ್ಲಿ ಬಂಗಾಳದ ಸುಬೇದಾರನಾಗಿ ಬಂದ ಶಾಯಿಸ್ತಾ ಖಾನ್ ಮೊದಲು ಹಡಗು ಕಟ್ಟಿಸಿದ. 1665ರಲ್ಲಿ ಸಂದ್ವೀಪ ಎಂಬ ದ್ವೀಪವನ್ನು ಹಿಡಿದ. ಅರಕಾನ್ ದೊರೆಯೊಂದಿಗೆ ಮನಸ್ತಾಪವಾಗಿದ್ದ ಫಿರಂಗಿಗಳನ್ನು ತನ್ನತ್ತ ಒಲಿಸಿಕೊಂಡ. ಅರಕಾನಿನಲ್ಲಿ ಸಂಬಳವೆಷ್ಟಿತ್ತು ಎಂದು ಅವರ ಮುಖಂಡನನ್ನು ಕೇಳಿದಾಗ, ಮೊಗಲ್ ಸೀಮೆಯೇ ನಮ್ಮ ಸಂಬಳ, ಇಡೀ ಬಂಗಾಳವೇ ನಮ್ಮ ಜಹಗೀರಾಗಿತ್ತು ಎಂದನೆಂದು ತಾಲಿಷ್ ಬರೆಯುತ್ತಾನೆ. 1666ರ ಜನವರಿಯಲ್ಲಿ ಖಾನನ ಮಗ ಬುಜುರ್ಗ್ ಉಮೇದ್ ಖಾನ್ ಚಿತ್ತಗಾಂಗ್ ಗೆದ್ದ. ಅಲ್ಲಿ ಸೆರೆಯಲ್ಲಿದ್ದ ಬಹಳಷ್ಟು ರೈತರು ಊರಿಗೆ ಮರಳಿದರು.

ದಾಳಿಗಳು ಕಡಿಮೆಯಾದವು, ನಿಲ್ಲಲಿಲ್ಲ. 1717ರಲ್ಲೂ ಮಘರು ದಕ್ಷಿಣ ಬಂಗಾಳದಿಂದ 1800 ಮಂದಿಯನ್ನು ಎಳೆದೊಯ್ದರು. ಅರಕಾನ್ ದೊರೆ ಕಸುಬು ಬಲ್ಲವರನ್ನು ಆರಿಸಿಕೊಂಡು, ಉಳಿದವರನ್ನು ಮಾರಿಕೊಳ್ಳಲು ಹಿಡಿದು ತಂದವರಿಗೇ ಬಿಟ್ಟ. 1780ರ ಸುಮಾರಿಗೆ ಇಂಗ್ಲಿಷ್ ಭೂಮಾಪಕ ಜೇಮ್ಸ್ ರೆನೆಲ್ ಪ್ರಕಟಿಸಿದ ಬಂಗಾಳದ ನಕ್ಷೆಯಲ್ಲಿ ಸುಂದರಬನದ ಅಂಚಿನ ಒಂದು ಭಾಗದಲ್ಲಿ ಊರುಗಳ ಹೆಸರಿಲ್ಲ. ಮಘರ ಹಾವಳಿಯಿಂದ ಈ ಸೀಮೆ ಪಾಳುಬಿದ್ದಿದೆ ಎಂಬ ಟಿಪ್ಪಣಿ ಮಾತ್ರ ಇದೆ.