ಬ್ಯಾಪ್ಟಿಸ್ಟ್ ಸಭೆಗೆ ಸೇರೋದು ಅಂದ್ರೆ ಏನು? ನೀರು, ಮೇಜು ಮತ್ತು ಒಂದು ವರ್ಗಾವಣೆ ಪತ್ರ

ಈ ಕಂತಿನಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಜೋಡಿಸಿ, ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೀನಿ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ಹೈದರಾಬಾದಿನಲ್ಲಿರೋ ಒಬ್ಬ ಗೆಳೆಯನ ಪ್ರಶ್ನೆ. ಧಾರವಾಡದ ಕಡೆಯವನು, ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾಗಿರೋ ಮನೆತನ, ಈಗ ಸಿಎಸ್‌ಐ ಸಭೆ. ಮೂರು ತಿಂಗಳ ಕೂಸಾಗಿದ್ದಾಗಲೇ ಅವನಿಗೆ ದೀಕ್ಷಾಸ್ನಾನ ಆಗಿದೆ. ಮದುವೆಯಾಗೋ ಹುಡುಗಿ ತೆಲುಗು ಬ್ಯಾಪ್ಟಿಸ್ಟ್ ಮನೆಯವಳು. ಅವರ ಸಭೆಯವರು ಪ್ರೀತಿಯಿಂದಲೇ ಹೇಳಿದ್ರಂತೆ: ಆರಾಧನೆಗೆ ಬನ್ನಿ, ಮನೆಗೆ ಊಟಕ್ಕೂ ಬನ್ನಿ, ಆದ್ರೆ ಸದಸ್ಯರಾಗಬೇಕಾದರೆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತಗೋಬೇಕು. ಊರಿನಲ್ಲಿ ಅವನ ತಾಯಿ ಇದನ್ನ ಕೇಳಿ, "ಹಂಗಾರ ಅವತ್ತು ನಿನ್ನ ಎತ್ಕೊಂಡು ಹೋಗಿ ಮಾಡಿಸಿದ್ದು ಸುಳ್ಳೇನು?" ಅಂದ್ರಂತೆ.

ಈ ಪ್ರಶ್ನೆಗೆ ಬ್ಯಾಪ್ಟಿಸ್ಟರ ಉತ್ತರ ಏನು ಅಂತ ತಿಳಿಬೇಕಾದ್ರೆ, 'ಸಭೆ' ಅನ್ನೋ ಪದಕ್ಕೆ ಅವರು ಕೊಡೋ ಅರ್ಥದಿಂದ ಶುರು ಮಾಡಬೇಕು. ನಾನು ಯಾರ ಪರವೂ ವಾದ ಮಾಡ್ತಿಲ್ಲ, ಅವರ ತರ್ಕ ಹೇಗೆ ನಡೆಯುತ್ತೆ ಅಂತ ತೋರಿಸೋದಷ್ಟೇ ಉದ್ದೇಶ. ಬೆಂಗಳೂರಿನಲ್ಲಿ ಓದಿದ ನಮ್ಮಲ್ಲಿ ಹೆಚ್ಚಿನವರಿಗೆ ಬ್ಯಾಪ್ಟಿಸ್ಟ್ ಅಂದ್ರೆ ಹೆಬ್ಬಾಳದ ಆಸ್ಪತ್ರೆ ಅಷ್ಟೇ ನೆನಪಾಗೋದು. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರಿನ ಹಿಂದೆ ನಾಲ್ಕು ಶತಮಾನದ ಜಗಳ ಇದೆ ಅಂತ ಬಸ್ಸಿನಲ್ಲಿ ಹೋಗುವಾಗ ಯಾರಿಗೆ ಹೊಳೆಯುತ್ತೆ?

ಬ್ಯಾಪ್ಟಿಸ್ಟರಿಗೆ ಸಭೆ ಅಂದ್ರೆ ಕಟ್ಟಡ ಅಲ್ಲ, ಒಂದು ಏರಿಯಾದಲ್ಲಿ ಹುಟ್ಟಿದವರೆಲ್ಲರ ಪಟ್ಟಿಯೂ ಅಲ್ಲ. ತಾನು ಕ್ರಿಸ್ತನನ್ನು ನಂಬಿದ್ದೇನೆ ಅಂತ ಸ್ವಂತ ಬಾಯಿಂದ ಹೇಳಿ, ಆ ಮೇಲೆ ದೀಕ್ಷಾಸ್ನಾನ ಪಡೆದವರ ಗುಂಪು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಲ್ಲಿ ಇನ್‌ಹೆರಿಟೆನ್ಸ್ ಇಲ್ಲ. ಅಪ್ಪ-ಅಮ್ಮ ಸದಸ್ಯರಾಗಿದ್ದರೆ ಮಗು ತಾನಾಗಿಯೇ ಸದಸ್ಯ ಆಗೋದಿಲ್ಲ, ಪಾದ್ರಿಯ ಮಗನಾದರೂ ಅಷ್ಟೇ. ಮಗುವಿಗಾಗಿ ಪ್ರಾರ್ಥನೆ ಮಾಡಿ ಆಶೀರ್ವದಿಸ್ತಾರೆ, ನೀರು ಮಾತ್ರ ಅದು ಬೆಳೆದು ತಾನೇ ಕೇಳಿದಾಗ. ಹಾಗಾಗಿ ಆ ತಾಯಿಗೆ ಅವರು 'ಸುಳ್ಳು' ಅಂತ ಹೇಳಲ್ಲ. ಅದು ನಿಮ್ಮ ನಂಬಿಕೆಯ ಕೆಲಸ, ಮಗನ ನಂಬಿಕೆಯದ್ದಲ್ಲ, ಆದ್ದರಿಂದ ಅದನ್ನ ದೀಕ್ಷಾಸ್ನಾನ ಅಂತ ನಾವು ಲೆಕ್ಕ ಹಾಕೋದಿಲ್ಲ ಅಂತಾರೆ. ಕೇಳಿಸಿಕೊಳ್ಳೋ ತಾಯಿಗೆ ಎರಡರ ನಡುವೆ ದೊಡ್ಡ ವ್ಯತ್ಯಾಸವೇನೂ ಕಾಣಲ್ಲ, ಅದು ಬೇರೆ ಮಾತು.

ಇದು ಶುರುವಾಗಿದ್ದು 1609ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಇಂಗ್ಲೆಂಡಿನ ರಾಜಸಭೆಯಿಂದ ತಪ್ಪಿಸಿಕೊಂಡು ಬಂದ ಒಂದು ಸಣ್ಣ ಗುಂಪು, ಅದರ ಮುಂದಾಳು ಜಾನ್ ಸ್ಮಿತ್. ಶಿಶುಗಳಿಗೆ ಕೊಟ್ಟ ದೀಕ್ಷಾಸ್ನಾನ ಸಲ್ಲೋದಿಲ್ಲ ಅಂತಾದ್ರೆ, ಸರಿಯಾದ ದೀಕ್ಷಾಸ್ನಾನ ಪಡೆದವರು ಅಲ್ಲಿ ಯಾರೂ ಇಲ್ಲ. ಮೊದಲನೆಯವರಿಗೆ ಕೊಡೋರು ಯಾರು? ಬೂಟ್‌ಸ್ಟ್ರ್ಯಾಪ್ ಸಮಸ್ಯೆ! ಸ್ಮಿತ್ ತಾನೇ ತನಗೆ ದೀಕ್ಷಾಸ್ನಾನ ಮಾಡಿಕೊಂಡು, ಆಮೇಲೆ ಉಳಿದವರಿಗೆ ಕೊಟ್ಟ. ಅದು ಸರಿಯಾಯ್ತಾ ಅಂತ ಸ್ವಲ್ಪ ಕಾಲದಲ್ಲೇ ಅವನಿಗೇ ಅನುಮಾನ ಬಂತು. ಅವನ ಜೊತೆಗಾರ ಥಾಮಸ್ ಹೆಲ್ವಿಸ್ ಲಂಡನ್ನಿಗೆ ವಾಪಸ್ ಬಂದು ಸಭೆ ಕಟ್ಟಿದ, ಪ್ರಜೆಗಳ ಆತ್ಮದ ಮೇಲೆ ರಾಜನಿಗೆ ಅಧಿಕಾರ ಇಲ್ಲ ಅಂತ 1612ರಲ್ಲಿ ಪುಸ್ತಕ ಬರೆದ, ನ್ಯೂಗೇಟ್ ಜೈಲಿನಲ್ಲಿ ಸತ್ತ. ಆಗಿನ್ನೂ ನೀರು ಸುರಿಯುತ್ತಿದ್ದರು. ಪೂರ್ತಿ ಮುಳುಗಿಸೋದು ನಿಯಮವಾಗಿ ಬರವಣಿಗೆಗೆ ಬಂದಿದ್ದು 1644ರ ಲಂಡನ್ ನಂಬಿಕೆ ಪ್ರಮಾಣದಲ್ಲಿ.

ಸೇರೋ ಕ್ರಮ ಸಾಮಾನ್ಯವಾಗಿ ಹೀಗಿರುತ್ತೆ. ಪಾಸ್ಟರ್ ಮತ್ತು ಹಿರಿಯರ ಜೊತೆ ಮಾತುಕತೆ, ಸಭೆಯ ಮುಂದೆ ಸಾಕ್ಷಿ ಹೇಳೋದು, ಸದಸ್ಯರ ಒಪ್ಪಿಗೆ, ದೀಕ್ಷಾಸ್ನಾನ, ಪುಸ್ತಕದಲ್ಲಿ ಹೆಸರು. ಮೇಲೆ ಬಿಷಪ್ ಇಲ್ಲ. ಪಾಸ್ಟರನ್ನು ಕರೆಸೋದು, ಬಜೆಟ್ ಒಪ್ಪೋದು, ತಪ್ಪಿ ನಡೆದ ಸದಸ್ಯನನ್ನ ಮೊದಲು ಒಂಟಿಯಾಗಿ ಮಾತಾಡಿಸಿ ಕಡೆಗೆ ಹೆಸರು ತೆಗೆಯೋದು, ಎಲ್ಲವೂ ಸದಸ್ಯರ ಕೂಟದ ಕೈಯಲ್ಲಿ. ಅನೇಕ ಸಭೆಗಳಲ್ಲಿ ಒಂದು ಒಡಂಬಡಿಕೆ ಪತ್ರ ಇರುತ್ತೆ. ಒಬ್ಬರನ್ನೊಬ್ಬರು ನೋಡಿಕೊಳ್ತೀವಿ, ಕಾಯಿಲೆಯಲ್ಲಿ ಹೋಗಿ ಬರ್ತೀವಿ, ಸಾಲ-ವ್ಯವಹಾರದಲ್ಲಿ ಪ್ರಾಮಾಣಿಕವಾಗಿರ್ತೀವಿ ಅನ್ನೋ ತರದ ಮಾತುಗಳು. ಬ್ಯಾಪ್ಟಿಸ್ಟರ ಪ್ರಕಾರ ಕ್ರೈಸ್ತ ಜೀವನ ಅಂದ್ರೆ ಇದೇ, ಭಾನುವಾರದ ಒಂದೂವರೆ ಗಂಟೆ ಅಲ್ಲ. ಒಳ್ಳೇದೇ, ಆದ್ರೆ ಗುಂಪುಗಾರಿಕೆ ಇರೋ ಸಭೆಯಲ್ಲಿ ಇದೇ ವ್ಯವಸ್ಥೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಆಗಿಬಿಡುತ್ತೆ. ಮೇಲೆ ಹೋಗಿ ದೂರು ಕೊಡೋಕೆ ಯಾರೂ ಇರಲ್ಲ.

ಈಗ ಕರ್ತನ ಭೋಜನಕ್ಕೆ ಬರೋಣ. ನೋಡೋಕೆ ತುಂಬಾ ಸರಳ: ತಿಂಗಳಿಗೊಮ್ಮೆ, ಹೆಚ್ಚಾಗಿ ಮೊದಲ ಭಾನುವಾರ, ರೊಟ್ಟಿಯ ತುಂಡು, ಪುಟ್ಟ ಲೋಟದಲ್ಲಿ ದ್ರಾಕ್ಷಿ ರಸ. ರೊಟ್ಟಿ ರೊಟ್ಟಿಯಾಗಿಯೇ ಇರುತ್ತೆ, ಕ್ರಿಸ್ತನ ಮರಣದ ನೆನಪಿಗೆ ಇದು ಅನ್ನೋದು ಇವತ್ತು ಹೆಚ್ಚಿನವರ ಮಾತು. ಆದ್ರೆ 1689ರದ್ದು ಅಂತ ಹೆಸರಾದ ಅವರ ಹಳೆಯ ನಂಬಿಕೆ ಪ್ರಮಾಣ ಇನ್ನೂ ಸ್ವಲ್ಪ ಮುಂದೆ ಹೋಗುತ್ತೆ. ನಂಬಿಕೆಯಿಂದ ತಗೊಳ್ಳೋರು ದೈಹಿಕವಾಗಿ ಅಲ್ಲದಿದ್ದರೂ ಆತ್ಮಿಕವಾಗಿ ನಿಜಕ್ಕೂ ಕ್ರಿಸ್ತನನ್ನೇ ಉಣ್ಣುತ್ತಾರೆ ಅಂತ ಅದು ಹೇಳುತ್ತೆ. 'ಬರೀ ಸಂಕೇತ' ಅಂತ ಹಗುರವಾಗಿ ಮಾತಾಡೋ ಬ್ಯಾಪ್ಟಿಸ್ಟ್ ಗೆಳೆಯರಿಗೆ ಇದನ್ನ ತೋರಿಸಿ, ಆಶ್ಚರ್ಯಪಡ್ತಾರೆ.

ಜಗಳ ಇರೋದು ರೊಟ್ಟಿಯಲ್ಲಿ ಏನಿದೆ ಅನ್ನೋದಕ್ಕಿಂತ, ತಟ್ಟೆ ಯಾರ ತನಕ ಬರಬೇಕು ಅನ್ನೋದರಲ್ಲಿ. ಬೆಡ್‌ಫರ್ಡಿನ ಜಾನ್ ಬನ್ಯನ್ 1673ರಲ್ಲಿ, ನೀರಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಇದೆ ಅಂತ ನಿಜವಾದ ವಿಶ್ವಾಸಿಯನ್ನ ಮೇಜಿನಿಂದ ದೂರ ಇಡಬಾರದು ಅಂತ ಬರೆದ. ಲಂಡನ್ನಿನ ವಿಲಿಯಂ ಕಿಫಿನ್ ಒಪ್ಪಲಿಲ್ಲ. ಅಪೊಸ್ತಲರ ಕಾಲದಲ್ಲಿ ಮೊದಲು ನೀರು, ಆಮೇಲೆ ಮೇಜು. ಈ ಕ್ರಮ ಬದಲಿಸೋಕೆ ನಾವು ಯಾರು ಅನ್ನೋದು ಅವನ ಪ್ರಶ್ನೆ. 1815ರಲ್ಲಿ ರಾಬರ್ಟ್ ಹಾಲ್ ಮತ್ತೆ ಬನ್ಯನ್ನನ ಪಕ್ಷ ಹಿಡಿದ, ನಾರ್ವಿಚ್‌ನ ಜೋಸೆಫ್ ಕಿಂಗ್‌ಹಾರ್ನ್ ಮರುವರ್ಷವೇ ಉತ್ತರ ಕೊಟ್ಟ. ಲಂಡನ್ನಿನ ಪ್ರಸಿದ್ಧ ಬೋಧಕ ಸ್ಪರ್ಜನ್ ಮಧ್ಯದ ದಾರಿ ಹಿಡಿದರು. ಮೇಜು ಬೇರೆ ಸಭೆಯ ವಿಶ್ವಾಸಿಗಳಿಗೂ ತೆರೆದಿರಲಿ, ಸದಸ್ಯತ್ವ ಮಾತ್ರ ಮುಳುಗಿದವರಿಗೆ. ಅವರ ಸಭೆಯಲ್ಲಿ ಪ್ರತಿ ಸದಸ್ಯನಿಗೆ ಹನ್ನೆರಡು ಚೀಟಿಗಳ ಒಂದು ಕಾರ್ಡ್ ಇರ್ತಿತ್ತು, ತಿಂಗಳಿಗೊಂದು ಹರಿದು ಕೊಡಬೇಕು. ಚೀಟಿ ಬರದಿದ್ದರೆ ಯಾರಾದರೂ ಹೋಗಿ ವಿಚಾರಿಸ್ತಿದ್ರು. ನಮ್ಮ ಸ್ವೈಪ್ ಕಾರ್ಡೇ, ಆದ್ರೆ ಸಂಬಳ ಕಟ್ ಮಾಡೋಕಲ್ಲ, ಸಾವಿರಾರು ಜನರಲ್ಲಿ ಒಬ್ಬ ಕಳೆದುಹೋಗಬಾರದು ಅಂತ.

ಈ ಜಗಳ ಭಾರತಕ್ಕೂ ಬಂತು. ಕಲ್ಕತ್ತಾ ಹತ್ತಿರದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ ಬ್ಯಾಪ್ಟಿಸ್ಟರು. ಕನ್ನಡಿಗರಿಗೆ ಕೇರಿಯ ನಂಟು ಬೇರೆ ಇದೆ, ಅವನ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲೇ ಅಚ್ಚಾಯ್ತು. ಅವರ ಸಭೆ ಕೆಲವು ವರ್ಷ ಮೇಜನ್ನ ಬೇರೆ ಪಂಥದವರಿಗೂ ತೆರೆದಿಟ್ಟು, 1811ರ ಹೊತ್ತಿಗೆ ಮತ್ತೆ ಮುಚ್ಚಿತು. ವಾರ್ಡ್‌ಗೆ ಇದು ಇಷ್ಟ ಇರಲಿಲ್ಲ.

ಆದ್ರೆ ಅದೇ ಮೇಜು ಇನ್ನೊಂದು ವಿಷಯದಲ್ಲಿ ಜಗ್ಗಲಿಲ್ಲ, ಜಾತಿಯ ವಿಷಯದಲ್ಲಿ. 1800ರ ಡಿಸೆಂಬರ್ 22ರಂದು ಕೃಷ್ಣ ಪಾಲ್ ಅನ್ನೋ ಬಡಗಿ ಮಿಷನರಿಗಳ ಜೊತೆ ಕೂತು ಊಟ ಮಾಡಿದ. ಸುದ್ದಿ ಹರಡಿ ದೊಡ್ಡ ಗುಂಪು ಸೇರಿ ಅವನನ್ನ ಅಧಿಕಾರಿಯ ಹತ್ತಿರ ಎಳೆದುಕೊಂಡು ಹೋಯ್ತು. 28ಕ್ಕೆ ಹೂಗ್ಲಿ ನದಿಯಲ್ಲಿ ಅವನ ದೀಕ್ಷಾಸ್ನಾನ. ಮುಂದೆ ಬ್ರಾಹ್ಮಣರೂ ಸಭೆಗೆ ಬಂದಾಗ ಬೇರೆ ಸಾಲು, ಬೇರೆ ಬಟ್ಟಲು ಅನ್ನೋದಕ್ಕೆ ಅವಕಾಶ ಕೊಡಲಿಲ್ಲ. ದಕ್ಷಿಣದ ಕೆಲವು ಹಳೆಯ ಲೂಥರನ್ ಸಭೆಗಳಲ್ಲಿ ಜಾತಿಯವರು ಬೇರೆ ಬೇರೆ ಕೂರೋ ಪದ್ಧತಿ ಇದ್ದ ಕಾಲ ಅದು. 1803ರಲ್ಲಿ ಬ್ರಾಹ್ಮಣ ಮೂಲದ ಕೃಷ್ಣಪ್ರಸಾದ್ ಕೃಷ್ಣ ಪಾಲನ ಮಗಳನ್ನೇ ಮದುವೆಯಾದ. ಸಿದ್ಧಾಂತದಲ್ಲಿ ಇಕ್ಕಟ್ಟಾದ ಮೇಜು, ಸಮಾಜದಲ್ಲಿ ಅಗಲವಾಗಿತ್ತು. ನನಗೆ ಈ ಇತಿಹಾಸದಲ್ಲಿ ಹಿಡಿಸಿದ ಭಾಗ ಇದೇ.

ನನ್ನ ಗೆಳೆಯನ ಸ್ಥಿತಿಯಲ್ಲೇ ಇದ್ದವನು ಅಮೆರಿಕದ ಅಡೊನಿರಾಮ್ ಜಡ್ಸನ್. ಶಿಶು ದೀಕ್ಷಾಸ್ನಾನ ಒಪ್ಪೋ ಕಾಂಗ್ರಿಗೇಷನಲ್ ಪಂಥದ ಮಿಷನರಿಯಾಗಿ 1812ರಲ್ಲಿ ಹಡಗು ಹತ್ತಿದ. ಶ್ರೀರಾಮಪುರದವರ ಜೊತೆ ವಾದ ಮಾಡಬೇಕಾಗುತ್ತೆ ಅಂತ ದಾರಿಯುದ್ದಕ್ಕೂ ಓದಿದ, ಓದ್ತಾ ಓದ್ತಾ ತಾನೇ ಆ ಕಡೆ ವಾಲಿದ. ಸೆಪ್ಟೆಂಬರ್ 6ರಂದು ಕಲ್ಕತ್ತಾದಲ್ಲಿ ವಾರ್ಡ್ ಅವನಿಗೂ ಹೆಂಡತಿ ಆ್ಯನ್‌ಗೂ ದೀಕ್ಷಾಸ್ನಾನ ಕೊಟ್ಟರು. ಕಳಿಸಿದ ಸಂಸ್ಥೆಗೆ ರಾಜೀನಾಮೆ ಕೊಡಬೇಕಾಯ್ತು. ಪರದೇಶದಲ್ಲಿ ಕೂತು ಸಂಬಳ ಬಿಡೋದು ಅಂದ್ರೇನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ, ಅಲ್ವಾ?

ಹೈದರಾಬಾದ್, ಚೆನ್ನೈನಲ್ಲಿರೋರು ಇನ್ನೊಂದು ಹೆಸರು ತಿಳ್ಕೊಂಡಿರಿ: ಒಂಗೋಲು. 1876-78ರ ಬರಗಾಲದಲ್ಲಿ ಅಲ್ಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಕೆಲಸವನ್ನ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಸಾವಿರಾರು ಜನ, ಹೆಚ್ಚಿನವರು ಮಾದಿಗರು, ದೀಕ್ಷಾಸ್ನಾನ ಕೇಳಿಕೊಂಡು ಬಂದರು. ಆಗ ಕೊಡಲಿಲ್ಲ. ಅನ್ನಕ್ಕಾಗಿ ಬಂದವರೋ ನಂಬಿಕೆಯಿಂದ ಬಂದವರೋ ಹೇಗೆ ಗೊತ್ತಾಗಬೇಕು? ಪರಿಹಾರ ಕೆಲಸ ನಿಂತ ಮೇಲೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ಮುಳುಗಿ ಎದ್ದರು. ತೆಲುಗು ಬೋಧಕರೇ ಸರದಿಯ ಮೇಲೆ ನೀರಿನಲ್ಲಿ ನಿಂತಿದ್ದರು. ಒಬ್ಬೊಬ್ಬರ ಸಾಕ್ಷಿಯನ್ನೂ ಕೇಳಿ ಸೇರಿಸಬೇಕು ಅನ್ನೋ ಪಂಥಕ್ಕೆ ಇದು ಸುಲಭದ ದಿನವಲ್ಲ. ಬೇಗ ಆಯ್ತು ಅಂತ ಟೀಕೆಯೂ ಬಂತು. ಆದ್ರೆ ಹಸಿದಿದ್ದಾಗ ಬಾಗಿಲು ಮುಚ್ಚಿ, ಕೂಲಿ ನಿಂತ ಮೇಲೆ ತೆರೆದದ್ದು ಆ ತತ್ವಕ್ಕೆ ನಿಷ್ಠೆಯಾಗಿಯೇ ಇತ್ತು ಅಂತ ನನಗನಿಸುತ್ತೆ.

ಇವತ್ತಿನ ಭಾರತದಲ್ಲಿ ಎಲ್ಲ ಕಡೆ ಒಂದೇ ನಿಯಮ ಇಲ್ಲ, ಯಾಕಂದ್ರೆ ಪ್ರತಿ ಸಭೆಯೂ ಸ್ವತಂತ್ರ. ಉತ್ತರದಲ್ಲಿ 1970ರಲ್ಲಿ ಸಿಎನ್‌ಐ ಆದಾಗ ಕೆಲವು ಬ್ಯಾಪ್ಟಿಸ್ಟರೂ ಸೇರಿದ್ದರಿಂದ, ಅಲ್ಲಿ ಶಿಶು ದೀಕ್ಷಾಸ್ನಾನ ಮತ್ತು ವಿಶ್ವಾಸಿಯ ದೀಕ್ಷಾಸ್ನಾನ ಎರಡಕ್ಕೂ ಜಾಗ ಇದೆ. ದೆಹಲಿಯಲ್ಲಿರೋರಿಗೆ ಇದು ಉಪಯೋಗಕ್ಕೆ ಬರಬಹುದು. ದಕ್ಷಿಣದ ಸಿಎಸ್‌ಐ ಒಳಗೆ ಬ್ಯಾಪ್ಟಿಸ್ಟರು ಬರಲಿಲ್ಲ, ತೆಲುಗು ಬ್ಯಾಪ್ಟಿಸ್ಟರು ಬೇರೆಯಾಗಿಯೇ ಇದ್ದಾರೆ.

ಊರು ಬದಲಿಸೋರಿಗೆ ಕೊನೆಯ ವಿಷಯ. ಪುಣೆಯ ಬ್ಯಾಪ್ಟಿಸ್ಟ್ ಸಭೆಯ ಸದಸ್ಯರು ಹೈದರಾಬಾದಿಗೆ ಹೋದ್ರೆ ಹಳೆಯ ಸಭೆಯಿಂದ ವರ್ಗಾವಣೆ ಪತ್ರ ತರೋದು ರೂಢಿ. ಈ ವ್ಯಕ್ತಿ ನಮ್ಮಲ್ಲಿ ಒಳ್ಳೆಯ ಸದಸ್ಯರಾಗಿದ್ದರು, ನಿಮ್ಮ ಆರೈಕೆಗೆ ಒಪ್ಪಿಸ್ತಿದ್ದೇವೆ ಅನ್ನೋ ಎರಡು ಸಾಲು. ನಮ್ಮ ರಿಲೀವಿಂಗ್ ಲೆಟರ್ ತರವೇ. ಪತ್ರ ಬಂದು ಹೊಸ ಸಭೆ ಒಪ್ಪೋ ತನಕ ಹೆಸರು ಹಳೆಯ ಕಡೆಯೇ ಇರುತ್ತೆ. ಸಿಎಸ್‌ಐನಿಂದ ಹೋಗೋರು ದೀಕ್ಷಾಸ್ನಾನದ ಸರ್ಟಿಫಿಕೇಟ್ ಜೊತೆ ಹೋಗಿ ಪಾಸ್ಟರ್ ಹತ್ತಿರ ಎರಡು ಪ್ರಶ್ನೆ ನೇರವಾಗಿ ಕೇಳಬಹುದು: ನಿಮ್ಮ ಮೇಜು ಬೇರೆ ಸಭೆಯ ವಿಶ್ವಾಸಿಗಳಿಗೆ ತೆರೆದಿದೆಯಾ? ಸದಸ್ಯತ್ವ ಇಲ್ಲದೆಯೂ ನಾನು ಸಭೆಯ ಜೊತೆ ಇರಬಹುದಾ? ಇವೆರಡಕ್ಕೂ ಉತ್ತರ ಸಭೆಯಿಂದ ಸಭೆಗೆ ಬೇರೆ ಇರುತ್ತೆ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಅವರೇ ನಾನೂರು ವರ್ಷದಿಂದ ಇದನ್ನೇ ಕೇಳ್ಕೊಂಡು ಬಂದಿದ್ದಾರೆ.