ತರಗೆಲೆಯ ಕಡಲಯಾತ್ರೆ

ಜಡಿಮಳೆ ಸುರಿದ ಮರುದಿನ ಹೆಬ್ಬಾಳದ ಕೆರೆಯ ದಡದಲ್ಲಿ ನಿಂತರೆ, ಕೆನ್ನೀರಿನೊಡನೆ ತೇಲಿಬರುವ ತರಗೆಲೆಗಳನ್ನು ನಾವು ಕಾಣುತ್ತೇವೆ. ಇವುಗಳ ಗತಿಯೇನೆಂಬ ಪ್ರಶ್ನೆ ಅಲ್ಪವಾಗಿ ತೋರಬಹುದು. ಆದರೆ ಭೂಮಂಡಲದ ಶಾಖಕ್ಕೂ ಇದಕ್ಕೂ ಸಂಬಂಧವುಂಟು.

ಎಲೆಯ ಒಡಲಿನ ಇಂಗಾಲವು ಗಾಳಿಯಿಂದ ಬಂದದ್ದು. ಎಲೆ ನೆಲದ ಮೇಲೆ ಕೊಳೆತರೆ ಅದು ಇಂಗಾಲಾಮ್ಲವಾಯುವಾಗಿ ಮರಳಿ ಗಾಳಿಯನ್ನೇ ಸೇರುವುದು. ಹಾಗಾಗದೆ ಕಡಲ ತಳದ ಕೆಸರಿನಲ್ಲಿ, ಪ್ರಾಣವಾಯು ಸೋಕದಂತೆ ಹೂತುಹೋದರೆ, ಲಕ್ಷಾಂತರ ವರ್ಷ ಅಲ್ಲಿಯೇ ಉಳಿಯಬಲ್ಲುದು. ಗಾಳಿಯಲ್ಲಿ ಶಾಖವನ್ನು ಹಿಡಿದಿಡುವ ವಾಯುವು ಅಷ್ಟರಮಟ್ಟಿಗೆ ಕಡಿಮೆಯಾದಂತೆಯೇ ಸರಿ.

ಈ ಕಾರ್ಯವನ್ನು ಮಹಾನದಿಗಳು ಮಾತ್ರವೇ ನಡೆಸುತ್ತವೆಂದು ಎಣಿಸುವುದು ಸಹಜ. ಆದರೆ ಬೆಟ್ಟದ ಕಿರುನದಿಗಳು ಕಡಲಿಗೆ ಒಯ್ಯುವ ಮಣ್ಣು, ಅದುವರೆಗೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ಮಿಲಿಮನ್ ಮತ್ತು ಸಿವಿಟ್ಸ್ಕಿ ಎಂಬ ವಿಜ್ಞಾನಿಗಳು 1992ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಕಾರಣ ಸರಳವಾದುದು. ಬಯಲಿನಲ್ಲಿ ನಿಧಾನವಾಗಿ ಹರಿಯುವ ನದಿ ತನ್ನ ಹೊರೆಯನ್ನು ದಡಗಳಲ್ಲಿ ಇಳಿಸುತ್ತ ಸಾಗುವುದು; ಅಲ್ಲಿ ಎಲೆ ಕೊಳೆಯಲು ಸಾಕಷ್ಟು ಕಾಲ ದೊರೆಯುವುದು. ಕಡಿದಾದ ಬೆಟ್ಟದ ಹೊಳೆಗಾದರೋ ತಂಗಲು ಎಡೆಯಿಲ್ಲ. ಒಂದೇ ಮಹಾಪೂರದಲ್ಲಿ ಎಲೆಯೂ ಅದನ್ನು ಮುಚ್ಚುವ ಮಣ್ಣೂ ಒಟ್ಟಿಗೆ ಕಡಲನ್ನು ಮುಟ್ಟುವುವು. 2009ರಲ್ಲಿ ಮೊರಾಕೊಟ್ ಎಂಬ ಚಂಡಮಾರುತವು ತೈವಾನ್ ದ್ವೀಪದ ಬೆಟ್ಟಗಳಿಂದ ಅಪಾರವಾದ ಮರಮಟ್ಟನ್ನು ಹೀಗೆಯೇ ಸಮುದ್ರಕ್ಕೆ ನೂಕಿತು.

ನಮ್ಮ ನಾಡಿನಲ್ಲಿ ನೇತ್ರಾವತಿ ಇಂಥ ಹೊಳೆ. ಕುದುರೆಮುಖದ ಕಾಡಿನಲ್ಲಿ ಹುಟ್ಟಿ, ಸುಮಾರು 100 ಕಿಲೋಮೀಟರು ಹರಿದು ಮಂಗಳೂರಿನಲ್ಲಿ ಕಡಲಿಗಿಳಿಯುವುದು. ನಮ್ಮ ಘಟ್ಟಗಳು ಬಹು ಹಳೆಯವಾದುದರಿಂದ ತೈವಾನಿನಷ್ಟು ಮಣ್ಣು ಇಲ್ಲಿ ಸವೆಯದು. ಆದರೂ ಕಾರ್ಯದ ಬಗೆ ಅದೇ.

ಹೆಬ್ಬಾಳದ ಎಲೆಯ ದಾರಿ ಬೇರೆ. ಇಲ್ಲಿನ ನೀರು ನಾಗವಾರದ ಕೆರೆಯ ಮೂಲಕವೂ, ಯಲಹಂಕದ ನೀರು ಜಕ್ಕೂರು, ರಾಚೇನಹಳ್ಳಿಗಳ ಮೂಲಕವೂ ಹರಿದು ಎಲೆಮಲ್ಲಪ್ಪಶೆಟ್ಟಿ ಕೆರೆಯನ್ನು ಸೇರುತ್ತವೆ. ಮುಂದೆ ಅದು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡನ್ನು ದಾಟಿ ಕಡಲೂರಿನ ಬಳಿ ಬಂಗಾಳಕೊಲ್ಲಿಯನ್ನು ಕೂಡಬೇಕು. ಒಂದೊಂದು ಕೆರೆಯೂ ಎಲೆಯನ್ನು ತಡೆದು ನಿಲ್ಲಿಸುವುದು. ಹಿಂದೆ ರೈತರು ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹರಡುತ್ತಿದ್ದರು. ಕಡಲಿಗೆ ಸಲ್ಲಬೇಕಾದ ಎಲೆ ಹೀಗೆ ರಾಗಿಗೆ ಸಾರವಾಗುತ್ತಿತ್ತು.

ತಳದಲ್ಲಿ ಉಳಿದ ಹೂಳು ಕೆಲವು ಭಾಗ ಇಂಗಾಲವನ್ನು ಹಿಡಿದಿಡುವುದೂ ನಿಜ. ಆದರೆ ಊರಿನ ಕೊಳಚೆ ಬೆರೆತು ನೀರಿನ ಪ್ರಾಣವಾಯು ತೀರಿದರೆ, ಅದೇ ಹೂಳಿನಿಂದ ಮೀಥೇನ್ ವಾಯು ಹೇರಳವಾಗಿ ಹೊರಡುವುದು. ಇದು ಇಂಗಾಲಾಮ್ಲವಾಯುವಿಗಿಂತ ಎಷ್ಟೋ ಮಡಿ ಬಲವಾಗಿ ಶಾಖವನ್ನು ತಡೆಯುವಂಥದು. ಘಟ್ಟದ ಹೊಳೆ ಕಡಲಿನಲ್ಲಿ ಮಾಡುವ ಉಪಕಾರ ಇಲ್ಲಿ ಅಪಕಾರವಾಗುವುದು. ಬಯಲುಸೀಮೆಯವರಾದ ನಮಗೆ ಕಡಲು ದೂರ, ಕೆರೆ ಹತ್ತಿರ. ಮಳೆಯ ನೀರು ಬರುವ ಕಾಲುವೆಗೆ ಕೊಳಚೆ ಸೇರದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.